ಕೊಕ್ಕೆಯವನ ಬಗ್ಗೆ ಬಂದ ಚೀಟಿಗಳು

ಚೀಟಿಗಳನ್ನು ಅವಳು ಎರಡೇ ಬೆರಳಲ್ಲಿ ಎತ್ತುತ್ತಿದ್ದಳು, ಸತ್ತ ಜಿರಳೆಯನ್ನು ಮೀಸೆ ಹಿಡಿದು ಎತ್ತುವ ಹಾಗೆ. ಒಂದಕ್ಕೆ ಪಾಪ್‌ಕಾರ್ನಿನ ಜಿಡ್ಡು ಮೆತ್ತಿತ್ತು. ಇನ್ನೊಂದರ ಮೂಲೆಗೆ ಯಾರೋ ಅಗಿದ ಚ್ಯೂಯಿಂಗ್ ಗಮ್ ಒತ್ತಿದ್ದರು. ಹಲ್ಲಿನ ಗುರುತು ಕೂಡ ಹಾಗೇ ಉಳಿದಿತ್ತು. ಅದರ ಮೇಲೆ ಬರೆದದ್ದು ಅದಕ್ಕಿಂತ ಹೇಸಿಗೆ.

‘ಮೂರನೇ ಕೊಲೆ ಸೂಪರ್. ಉಳಿದವು ಸಪ್ಪೆ.’

‘ರಕ್ತ ಸಾಲದು. ಬಕೆಟ್‌ಗಟ್ಟಲೆ ಹರಿಯುತ್ತೆ ಅಂತ ಬಂದಿದ್ದೆ.’

‘ಹೆಣ ಕಣ್ಣು ಮಿಟುಕಿಸಿತು. ನಾನೇ ನೋಡಿದೆ. ಎರಡು ಸಲ.’

‘ಆ ಹುಡುಗಿ ಇಂಟರ್‌ವಲ್‌ಗೆ ಮುಂಚೆಯೇ ಸಾಯಬೇಕಿತ್ತು. ಕಿರುಚಿ ಕಿರುಚಿ ತಲೆ ತಿಂದಳು.’

‘ಚಿಕ್ಕವನಿದ್ದಾಗ ಊಟ ಬಿಟ್ಟರೆ ಕೊಕ್ಕೆಯವನನ್ನು ಕರೀತೀನಿ ಅಂತ ಅಮ್ಮ ಹೆದರಿಸುತ್ತಿದ್ದಳು. ಇವತ್ತು ಅಮ್ಮನನ್ನೇ ಕರೆದುಕೊಂಡು ಬಂದಿದ್ದೆ. ಅಮ್ಮ ಗೊರಕೆ ಹೊಡೆದಳು.’

ಕೊನೆಯದನ್ನು ಓದಿ ಅವಳಿಗೆ ನಗು ಬಂದೇಬಿಟ್ಟಿತ್ತು. ನಗು ಬಂತಲ್ಲ ಅಂತ ತನ್ನ ಮೇಲೆಯೇ ಸಿಟ್ಟು ಬಂದು ಚೀಟಿಯನ್ನು ಮೇಜಿಗೆ ಬಡಿದಳು.

ಆ ಚಿತ್ರಮಂದಿರದ ಟಿಕೆಟ್ ಕಿಂಡಿಯ ಹಿಂದೆ ಅವಳು ಕೂತು ಹತ್ತೊಂಬತ್ತು ವರ್ಷವಾಗಿತ್ತು. ಊರಿನವರಿಗೆಲ್ಲ ಅವಳು ಕೌಂಟರಮ್ಮ. ಅವಳ ಮುಖ ಕಂಡವರು ಕಡಿಮೆ, ಕಿಂಡಿಯೊಳಗಿನ ಕೈ ಮತ್ತು ಅಲ್ಲಿಂದ ಹೊರಡುವ ಬೈಗುಳ ಎಲ್ಲರಿಗೂ ಗೊತ್ತು. ಕೆಲಸಕ್ಕೆ ಸೇರುವಾಗ ಹಳೆಯ ಮಾಲೀಕನ ಹತ್ತಿರ ಅವಳು ಕೇಳಿದ್ದು ಒಂದೇ: ‘ಆ ಕೊಕ್ಕೆ ಸಿನಿಮಾ ಮತ್ತೆ ಇಲ್ಲಿ ಹಾಕಬಾರದು.’ ಮುದುಕ ಹೂಂ ಅಂದಿದ್ದ, ಸಾಯುವ ತನಕ ನಡೆದುಕೊಂಡಿದ್ದ. ಈಗ ಅವನ ಮಗ ಕುರ್ಚಿಯಲ್ಲಿ ಕೂತಿದ್ದಾನೆ. ಎಲ್ಲರೂ ಅವನನ್ನು ಚಿಕ್ಕ ಮಾಲೀಕ ಅನ್ನುತ್ತಾರೆ, ನಲವತ್ತು ದಾಟಿದರೂ. ಅಪ್ಪನ ಮಾತು ಅವನಿಗೆ ಅಪ್ಪನ ಕನ್ನಡಕದ ಹಾಗೆ; ಡ್ರಾಯರಿನಲ್ಲಿ ಇದೆ, ಹಾಕಿಕೊಳ್ಳುವುದಿಲ್ಲ.

ಅವನೇ ಆ ಸಿನಿಮಾ ತರಿಸಿದ್ದು. ಹಳೆಯ ದೂರು ಪೆಟ್ಟಿಗೆಗೆ ಬಣ್ಣ ಬಳಿದು ಅದರ ಮೇಲೆ ‘ಪ್ರೇಕ್ಷಕರ ಅಭಿಪ್ರಾಯ’ ಅಂತ ಬರೆಸಿ ಬಾಗಿಲಲ್ಲಿ ಇಟ್ಟದ್ದೂ ಅವನೇ. ದಿನಾ ಬೆಳಿಗ್ಗೆ ಕೌಂಟರಮ್ಮ ಪೆಟ್ಟಿಗೆ ಬಿಚ್ಚಿ, ಒಳ್ಳೆಯ ಹತ್ತು ಚೀಟಿ ಆರಿಸಿ, ಹೊರಗಿನ ಬೋರ್ಡಿಗೆ ಅಂಟಿಸಬೇಕು. ಅಂದರೆ ತನ್ನ ಅಣ್ಣನ ಮೇಲೆ ಊರಿನವರು ಉಗುಳಿದ್ದನ್ನು ತಾನೇ ಒರೆಸಿ, ಅದರಲ್ಲಿ ಚೆನ್ನಾಗಿರುವುದನ್ನು ಗೋಡೆಗೆ ಹಚ್ಚಬೇಕು.

ಯಾಕೆಂದರೆ ಸಿನಿಮಾದ ಮೊದಲಲ್ಲೇ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಬರುತ್ತದೆ: ‘ಇದು ನಿಜವಾಗಿ ನಡೆದ ಘಟನೆ.’ ರಬ್ಬರ್ ಏಪ್ರನ್ ತೊಟ್ಟ ಐಸ್ ಫ್ಯಾಕ್ಟರಿ ಆಳು, ಕೈಯಲ್ಲಿ ಕೊಕ್ಕೆ, ಗಾಡಿಗಳಲ್ಲಿ ಕೂತ ಹುಡುಗ ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ಎಳೆದು ಕೊಲ್ಲುತ್ತಾನೆ. ನಿಜವಾಗಿ ನಡೆದದ್ದರಲ್ಲಿ ಐಸ್ ಫ್ಯಾಕ್ಟರಿ ಇತ್ತು, ಏಪ್ರನ್ ಇತ್ತು, ಕೊಕ್ಕೆ ಇತ್ತು. ಸತ್ತವರು ಮಾತ್ರ ಯಾರೂ ಇರಲಿಲ್ಲ. ಆ ಆಳು ಅವಳ ಅಣ್ಣ.

‘ಹತ್ತು ಆಯ್ತಾ ಕೌಂಟರಮ್ಮಾ?’ ಚಿಕ್ಕ ಮಾಲೀಕ ಒಳಗೆ ಬಂದ. ಸೆಂಟಿನ ವಾಸನೆ ಅವನಿಗಿಂತ ಎರಡು ಹೆಜ್ಜೆ ಮುಂಚೆ ಬಂತು.

‘ಹತ್ತಲ್ಲ, ನೂರಿದೆ. ಒಂದಾದ್ರೂ ಮನುಷ್ಯರು ಬರೆದ ಹಾಗಿಲ್ಲ.’

‘ಅದೇ ಬೇಕು! ಜನ ಹೇಸ್ಕೊಂಡ್ರೆ ತಾನೇ ಇನ್ನೊಬ್ಬರನ್ನ ಕರ್ಕೊಂಡು ಬರೋದು.’ ಅವನು ಮೇಜಿನ ತುದಿಗೆ ಕುಂಡೆ ಊರಿದ. ‘ಇನ್ನೊಂದು ವಿಷಯ. ಭಾನುವಾರ ಮ್ಯಾಟಿನಿ ಕೊನೇ ಶೋ. ಸಿನಿಮಾ ಮುಗಿದ ಮೇಲೆ ಸ್ಟೇಜ್ ಮೇಲೆ ಅಸಲಿ ಕೊಕ್ಕೆಯವನು.’

‘ಯಾರು?’

‘ಯಾರು ಅಂದ್ರೆ? ನಿಮ್ಮಣ್ಣ.’

ಅವಳು ಎದ್ದಳು. ಕುರ್ಚಿ ಹಿಂದಕ್ಕೆ ಬಿತ್ತು. ‘ನಿಮ್ಮಪ್ಪ ನನಗೆ ಮಾತು ಕೊಟ್ಟಿದ್ರು. ನೀವು ಸಿನಿಮಾ ಹಾಕಿದ್ರಿ, ಹಲ್ಲು ಕಚ್ಕೊಂಡು ಟಿಕೆಟ್ ಹರಿದೆ. ಈಗ ಅವನನ್ನೇ ಕೋತಿ ಹಾಗೆ ಕುಣಿಸ್ತೀರಾ? ಅವನ ನೆರಳು ಈ ಬಾಗಿಲು ದಾಟಿದ್ರೆ ಕೇಳಿ.’

‘ಅವ್ರು ಒಪ್ಪಿದ್ದಾರೆ,’ ಅಂದ ಚಿಕ್ಕ ಮಾಲೀಕ, ಉಗುರು ನೋಡಿಕೊಳ್ಳುತ್ತಾ. ‘ನಿನ್ನೆ ನೀವಿಲ್ಲಿ ಇದ್ದಾಗ ಮನೆಗೆ ಹೋಗಿದ್ದೆ. ಒಂದೇ ಮಾತಿಗೆ ಒಪ್ಪಿದ್ರು. ಬಹಳ ಒಳ್ಳೇ ಮನುಷ್ಯ ಕಣ್ರೀ.’

ಹನ್ನೊಂದರ ಆಟಕ್ಕೆ ಟಿಕೆಟ್ ಕೊಟ್ಟು ಕಿಂಡಿ ಮುಚ್ಚಿದವಳೇ ದಾಪುಗಾಲು ಹಾಕಿ ಮನೆಗೆ ಬಂದಳು. ಅಣ್ಣ ಅಡುಗೆಮನೆಯ ಬಾಗಿಲಲ್ಲಿ ಕೂತು ಸ್ಟೂಲಿನ ಕಾಲು ಗಟ್ಟಿ ಮಾಡುತ್ತಿದ್ದ. ಅರವತ್ತೆರಡು ವರ್ಷ, ತಣ್ಣೀರಿನಲ್ಲಿ ನೆನೆದು ನೆನೆದು ಬೆರಳುಗಳು ಊದಿಕೊಂಡು ಗಂಟು ಕಟ್ಟಿದ್ದವು. ಅವನ ಕೈ ಯಾವಾಗಲೂ ತಣ್ಣಗಿರುತ್ತಿತ್ತು. ಚಿಕ್ಕಂದಿನಲ್ಲಿ ಅವಳಿಗೆ ಜ್ವರ ಬಂದರೆ ಒದ್ದೆ ಬಟ್ಟೆಯ ಬದಲು ಆ ಕೈಯನ್ನೇ ಹಣೆಯ ಮೇಲೆ ಇಡುತ್ತಿದ್ದ.

‘ನಿನಗೆ ಬುದ್ಧಿ ನೆಟ್ಟಗಿದೆಯೇನೋ ಅಣ್ಣಾ?’

‘ಬಾಗಿಲು ಹಾಕಿ ಕೂಗು. ಪಕ್ಕದ ಮನೆ ಮಗು ಮಲಗಿದೆ.’

‘ಮಗುವಂತೆ! ಅದೇ ಮಗುಗೆ ಅವರಮ್ಮ ನಿನ್ನ ಹೆಸರು ಹೇಳಿ ಮಲಗಿಸ್ತಾಳೆ, ಗೊತ್ತಾ? ಇಪ್ಪತ್ತೆಂಟು ವರ್ಷ ಆಯ್ತು. ನಿನಗೆ ಬಂದ ಮೂರು ಸಂಬಂಧ ಮುರೀತು. ಕಟಿಂಗ್ ಅಂಗಡಿಯವನು ಇವತ್ತಿಗೂ ನಿನ್ನ ಕೈಗೆ ಕತ್ತರಿ ಸಿಗದ ಹಾಗೆ ಇಡ್ತಾನೆ. ಈಗ ಅವರೆದುರಿಗೇ ಹೋಗಿ ಹಲ್ಲು ಕಿರೀತೀಯಾ?’

ಅಣ್ಣ ಮೊಳೆಯನ್ನು ಬಾಯಿಂದ ತೆಗೆದ. ‘ಥಿಯೇಟರ್ ಬಾಗಿಲಲ್ಲಿ ಗಾಜಿನ ಪೆಟ್ಟಿಗೇಲಿ ಒಂದು ಕೊಕ್ಕೆ ಇಟ್ಟಿದ್ದಾನಂತಲ್ಲ, ನಿಮ್ಮ ಚಿಕ್ಕ ಮಾಲೀಕ.’

‘ಇಟ್ಟಿದ್ದಾನೆ. ಅಸಲಿ ಅಂತ ಬೋರ್ಡ್ ಹಾಕಿ. ಯಾವ ಗುಜರಿಯಿಂದ ತಂದನೋ.’

‘ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿದೆಯಂತೆ. ಮೇಲೆ ಹಸಿರು ದಾರ.’

ಅವಳು ಏಳು ದಿನದಿಂದ ಆ ಗಾಜಿನ ಪೆಟ್ಟಿಗೆಯ ಮುಂದೆ ಓಡಾಡಿದ್ದಳು. ಅಸಹ್ಯಕ್ಕೆ ಒಂದು ಸಲವೂ ಒಳಗೆ ಇಣುಕಿರಲಿಲ್ಲ. ಹಸಿರು ದಾರ ಅವಳದೇ. ಹೊಲಿಗೆ ಡಬ್ಬಿಯಿಂದ ಅವನು ಕೇಳಿ ತೆಗೆದುಕೊಂಡು ಹೋಗಿದ್ದ ದಾರ.

‘ನನ್ನದಾದ್ರೆ ನನಗೆ ಬೇಕು,’ ಅಂದ ಅಣ್ಣ. ‘ಅಷ್ಟೇ. ಆಮೇಲೆ ನಾಲ್ಕು ಜನದ ಮುಂದೆ ನಿಲ್ಲು ಅಂದ್ರೆ ನಿಲ್ತೀನಿ. ಅವರೇನು ನನ್ನ ತಿಂತಾರಾ?’

‘ತಿಂತಾರೆ. ನೀನು ಚೀಟಿ ಓದಿಲ್ಲ,’ ಅಂದಳು ಅವಳು.

ನಡೆದದ್ದು ಇಷ್ಟು. ಐಸ್ ಫ್ಯಾಕ್ಟರಿಯ ನೆಲ ಯಾವಾಗಲೂ ಒದ್ದೆ. ಆಳುದ್ದದ ಐಸ್ ಗಡ್ಡೆಗಳನ್ನು ಕೊಕ್ಕೆ ಹಾಕಿ ಎಳೆಯುವಾಗ ಕಾಲು ಜಾರಿತೆಂದರೆ ಕೊಕ್ಕೆಯ ಮೊನೆ ಎದುರಿನವನ ತೊಡೆಗೆ. ಹಾಗಾಗಿ ಕೆಲಸಕ್ಕೆ ಸೇರಿದ ದಿನ, ಗಡ್ಡೆ ಮುಟ್ಟುವುದಕ್ಕೂ ಮುಂಚೆ, ಒಂದನ್ನು ಕಲಿಸುತ್ತಾರೆ: ಯಾರಾದರೂ ಎದುರಿಗೆ ಬಂದರೆ ಮೊದಲು ಕೊಕ್ಕೆಯನ್ನು ಹತ್ತಿರದ ಮರಕ್ಕೆ ಹೊಡೆದು ನೆಡಬೇಕು. ಆಮೇಲೆ ಮಾತು. ಕಂಬ, ಬಾಗಿಲು, ಹಲಗೆ, ಯಾವುದಾದರೂ ಸರಿ. ಅಲ್ಲಿನ ಕಂಬಗಳಿಗೆಲ್ಲ ಸಿಡುಬು ಬಂದ ಹಾಗೆ ತೂತು. ಎರಡು ವರ್ಷ ಕಳೆದರೆ ಕೈ ತಾನಾಗಿಯೇ ಮಾಡುತ್ತದೆ, ತಲೆಯನ್ನು ಕೇಳುವುದಿಲ್ಲ.

ಒಂದು ಸಂಜೆ ಫ್ಯಾಕ್ಟರಿಯ ಹಿಂದೆ, ಲಾರಿಗೆ ಮಾಲು ತುಂಬುವ ಜಾಗದಲ್ಲಿ, ಒಬ್ಬ ಹುಡುಗ ಒಬ್ಬ ಹುಡುಗಿ ಹಲಗೆ ಕಟ್ಟಿದ ಪಿಕಪ್ ಗಾಡಿ ನಿಲ್ಲಿಸಿಕೊಂಡು ಕೂತಿದ್ದರು. ಲಾರಿ ಹಿಂದಕ್ಕೆ ಬರುತ್ತಿತ್ತು. ಹೇಳೋಣ ಅಂತ ಅಣ್ಣ ಓಡಿದ. ಹುಡುಗ ಗಾಜು ಇಳಿಸಿ ಮುಖ ಹೊರಗೆ ಹಾಕಿದ. ಎದುರಿಗೆ ಮನುಷ್ಯ ಬಂದನಲ್ಲ, ಅಣ್ಣನ ಕೈ ಹತ್ತಿರದ ಮರಕ್ಕೆ ಕೊಕ್ಕೆ ನೆಟ್ಟಿತು. ಹತ್ತಿರದ ಮರ ಅಂದರೆ ಅದೇ ಗಾಡಿಯ ಹಲಗೆ. ದಡ್ ಅಂತ ಸದ್ದು. ಹುಡುಗಿ ಚೀರಿದಳು, ಹುಡುಗ ಗಾಡಿ ಬಿಟ್ಟ, ಕೊಕ್ಕೆ ಗಾಡಿಯ ಜೊತೆಯಲ್ಲೇ ಹೋಯಿತು. ಅವರು ಮನೆಯ ಮುಂದೆ ಇಳಿದು ನೋಡಿದರೆ ಹಲಗೆಯಲ್ಲಿ ಕೊಕ್ಕೆ ನೇತಾಡುತ್ತಿದೆ. ಬೆಳಗಾಗುವುದರೊಳಗೆ ಊರಲ್ಲಿ ಒಂದು ಹೆಣ ಬಿದ್ದಿತ್ತು, ವಾರದಲ್ಲಿ ಆರು. ಎಲ್ಲವೂ ಬಾಯಲ್ಲೇ ಬಿದ್ದ ಹೆಣಗಳು. ವರ್ಷದೊಳಗೆ ಕ್ಯಾಮೆರಾ ಹೊತ್ತವರು ಬಂದರು. ಅಣ್ಣನನ್ನು ಒಂದು ಮಾತು ಕೇಳಿದವರಿಲ್ಲ.

ಭಾನುವಾರ ಮ್ಯಾಟಿನಿಗೆ ಸೀಟು ತುಂಬಿ, ಗೋಡೆಗೊರಗಿ ಜನ ನಿಂತಿದ್ದರು. ಅಣ್ಣ ಒಗೆದ ಅಂಗಿ ಹಾಕಿಕೊಂಡು ಕೊನೆಯ ಸಾಲಿನಲ್ಲಿ ಕೂತ. ಕೌಂಟರಮ್ಮ ಬಾಗಿಲ ಪರದೆ ಹಿಡಿದು ನಿಂತಳು. ಸಿನಿಮಾವನ್ನು ನೋಡಲಿಲ್ಲ, ಅಣ್ಣನನ್ನು ನೋಡಿದಳು. ಅವನಿಗದು ಮೊದಲನೆಯ ಸಲ.

ಪರದೆಯ ಮೇಲೆ ಯಾರದೋ ಕತ್ತು ಹರಿಯಿತು. ಮುಂದಿನ ಸಾಲುಗಳಲ್ಲಿ ಶಿಳ್ಳೆ. ‘ಇನ್ನೊಂದ್ಸಲ! ಇನ್ನೊಂದ್ಸಲ!’ ಒಬ್ಬ ಹೆಂಗಸು ಮಗುವಿನ ಕಣ್ಣು ಮುಚ್ಚಿ, ತಾನು ಬಾಯಿ ಬಿಟ್ಟುಕೊಂಡು ನೋಡುತ್ತಾ, ಇನ್ನೊಂದು ಕೈಯಿಂದ ಪಾಪ್‌ಕಾರ್ನ್ ಮುಕ್ಕುತ್ತಿದ್ದಳು. ರಕ್ತ ಗಾಜಿಗೆ ಚಿಮ್ಮಿದಾಗಲೆಲ್ಲ ಆ ಕೈ ಬೇಗ ಬೇಗ ಓಡುತ್ತಿತ್ತು. ಕೌಂಟರಮ್ಮ ಮುಖ ಸಿಂಡರಿಸಿದಳು. ಬಣ್ಣದ ನೀರಿಗಲ್ಲ, ಆ ಕೈಗೆ.

ಅಣ್ಣ ತಲೆ ಅಲ್ಲಾಡಿಸುತ್ತಿದ್ದ. ‘ತಪ್ಪು,’ ಅಂದ, ತನಗೆ ತಾನೇ. ಸ್ವಲ್ಪ ಹೊತ್ತಿಗೆ ಮತ್ತೆ, ‘ಛೆ, ತಪ್ಪು.’

‘ಏ ತಾತ, ಸುಮ್ನೆ ಕೂತ್ಕೊ!’ ಅಂದ ಪಕ್ಕದವನು.

ಮುಗಿದ ಮೇಲೆ ದೀಪ ಹತ್ತಿತು. ಚಿಕ್ಕ ಮಾಲೀಕ ಮೈಕ್ ಹಿಡಿದು, ಗಾಜಿನ ಪೆಟ್ಟಿಗೆ ತರಿಸಿ, ಬೀಗ ತೆಗೆದ. ಅಣ್ಣನನ್ನು ತೋಳು ಹಿಡಿದು ಪರದೆಯ ಮುಂದಿನ ಮರದ ವೇದಿಕೆಗೆ ಹತ್ತಿಸಿದ. ಇಷ್ಟು ಹೊತ್ತು ಅವನ ಪಕ್ಕದಲ್ಲಿ ಕೂತಿದ್ದವನು ‘ಅಯ್ಯಯ್ಯೋ’ ಅಂದು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

‘ನೋಡಿ, ಅಸಲಿ ಕೊಕ್ಕೆಯವನು! ಅಸಲಿ ಕೊಕ್ಕೆ!’

ಕೊಕ್ಕೆ ಕೈಗೆ ಬಂದಿತು. ಅಣ್ಣ ಜನರಿಗೆ ಬೆನ್ನು ಹಾಕಿ ದೀಪದ ಕಡೆ ತಿರುಗಿ, ಹಿಡಿಯ ಮೇಲೆ ಹೆಬ್ಬೆರಳು ಆಡಿಸಿದ. ಟ್ಯೂಬು ಬಿರುಕು ಬಿಟ್ಟಿತ್ತು. ಹಸಿರು ದಾರ ಬೂದಿಯ ಬಣ್ಣಕ್ಕೆ ತಿರುಗಿತ್ತು, ಗಂಟಿನ ಒಳಗೆ ಮಾತ್ರ ಇನ್ನೂ ಹಸಿರು. ದೂರದಿಂದಲೇ ಕೌಂಟರಮ್ಮನಿಗೆ ಅವನ ಭುಜ ಇಳಿದದ್ದು ಕಂಡಿತು. ಕೊಕ್ಕೆ ಅವನದೇ.

‘ಒಂದ್ಸಲ ಗರ್ಜಿಸಿ ಯಜಮಾನ್ರೇ!’ ಅಂದ ಚಿಕ್ಕ ಮಾಲೀಕ. ‘ಜನರ ಕಡೆ ತಿರುಗಿ, ಕೊಕ್ಕೆ ಎತ್ತಿ...’

ಅಣ್ಣ ತಿರುಗಿದ. ಎದುರಿಗೆ ನಾಲ್ಕು ನೂರು ಮನುಷ್ಯರು.

ದಡ್!

ಕೊಕ್ಕೆ ವೇದಿಕೆಯ ಹಲಗೆಯಲ್ಲಿ ನೆಟ್ಟು ನಿಂತಿತು. ಅಣ್ಣ ಖಾಲಿ ಕೈಗಳನ್ನು ಅಂಗಿಗೆ ಒರೆಸಿಕೊಂಡು ನೆಟ್ಟಗೆ ನಿಂತ. ಮೊದಲನೆಯ ಸಾಲು ಹಿಂದಕ್ಕೆ ಸರಿದಿತ್ತು. ಆಮೇಲೆ ಚಪ್ಪಾಳೆಯೋ ಚಪ್ಪಾಳೆ. ಇದೂ ಆಟದ ಭಾಗ ಅಂದುಕೊಂಡಿದ್ದರು.

‘ಸಿನಿಮಾ ಬಗ್ಗೆ ನಿಮ್ಮ ಅಭಿಪ್ರಾಯ?’ ಮೈಕ್ ಅವನ ಗಲ್ಲಕ್ಕೆ ತಾಗಿತು.

‘ನಾನಾ?’ ಅಣ್ಣ ಗಂಟಲು ಸರಿಮಾಡಿಕೊಂಡ. ‘ಅವನಿಗೆ ಕೆಲಸ ಬರಲ್ಲ.’

ನಗು ಎದ್ದಿತು.

‘ಅಲ್ಲ, ನಿಜವಾಗ್ಲೂ. ಜನರ ಮುಂದೆ ಕೊಕ್ಕೆ ಹಿಡ್ಕೊಂಡೇ ನಿಲ್ತಾನೆ. ನಮ್ಮಲ್ಲಾಗಿದ್ರೆ ಮೊದಲನೇ ದಿನಾನೇ ಮೇಸ್ತ್ರಿ ಕಪಾಳಕ್ಕೆ ಬಾರಿಸಿ ಮನೆಗೆ ಕಳಿಸ್ತಿದ್ದ. ಯಾರಾದ್ರೂ ಎದುರಿಗೆ ಬಂದ್ರೆ ಕೊಕ್ಕೆ ಮರಕ್ಕೆ ಹೊಡೀಬೇಕು, ಈಗ ಹೊಡೆದ್ನಲ್ಲ, ಹೀಗೆ. ಅವತ್ತೂ ಹಾಗೇ ಹೊಡೆದೆ. ಲಾರಿ ಬರ್ತಿದೆ, ಗಾಡಿ ತೆಗೀರಪ್ಪ ಅಂತ ಹೇಳೋಕೆ ಹೋಗಿದ್ದೆ. ನಾನು ಬಾಯಿ ತೆರೆಯೋದ್ರೊಳಗೆ ಮರಾನೇ ಗಾಡಿ ಸಮೇತ ಓಡಿಹೋಯ್ತು.’ ಒಂದು ಕ್ಷಣ ಯೋಚಿಸಿದ. ‘ಆ ಹುಡುಗಿ ತುಂಬಾ ಹೆದರಿದ್ಲು ಪಾಪ. ಹೇಳ್ಬೇಕು ಅಂತಿತ್ತು. ಯಾರೂ ಕೇಳ್ಲಿಲ್ಲ.’

ಕೌಂಟರಮ್ಮ ಪರದೆಯನ್ನು ಮುಷ್ಟಿಯಲ್ಲಿ ಹಿಂಡಿದಳು. ಈಗ, ಈಗ ಅರ್ಥವಾಗುತ್ತೆ ಈ ಕತ್ತೆಗಳಿಗೆ ಅಂದುಕೊಂಡಳು. ಯಾರಾದರೂ ಒಬ್ಬರು ಎದ್ದು ತಪ್ಪಾಯಿತು ಅಂದರೆ ಸಾಕು.

ಕನ್ನಡಕದ ಹುಡುಗಿಯೊಬ್ಬಳು ವೇದಿಕೆ ಹತ್ತಿದಳು. ಫೋನು ಆಗಲೇ ಕೈಯಲ್ಲಿತ್ತು. ‘ಅಂಕಲ್, ಸೋ ಸ್ವೀಟ್. ಕೊಕ್ಕೆ ನನ್ನ ಕುತ್ತಿಗೆಗೆ ಇಡಿ, ಒಂದೇ ಒಂದು ಫೋಟೋ.’

ಅವಳ ಹಿಂದೆ ಸಾಲು ಬೆಳೆಯಿತು. ಪಾಪ್‌ಕಾರ್ನ್ ಹೆಂಗಸು ಮಗುವನ್ನು ಎತ್ತಿಕೊಂಡು ಬಂದಳು. ‘ನನ್ನ ಮಗೂದೂ ಒಂದು. ಕುತ್ತಿಗೆ ಹತ್ರ. ಸುಮ್ನೆ ತಾಗಿಸಿದ ಹಾಗೆ.’

ಅಣ್ಣ ಒಳ್ಳೆಯವನು. ಯಾರು ಏನು ಕೇಳಿದರೂ ಹೂಂ ಅನ್ನುವವನು. ಈಗ ಹೂಂ ಅಂದುಬಿಟ್ಟರೆ ಆ ಫೋಟೋ ಊರೆಲ್ಲ ಸುತ್ತುತ್ತದೆ, ಇಪ್ಪತ್ತೆಂಟು ವರ್ಷದ ಸುಳ್ಳಿಗೆ ಅವನೇ ಸಾಕ್ಷಿ ನಿಂತ ಹಾಗೆ. ಕೌಂಟರಮ್ಮ ಜನರನ್ನು ತಳ್ಳಿಕೊಂಡು ಮುಂದೆ ನುಗ್ಗಿದಳು.

‘ಆಗಲ್ಲಮ್ಮ,’ ಅನ್ನುತ್ತಿದ್ದ ಅಣ್ಣ.

‘ಯಾಕೆ ಅಂಕಲ್? ಒಂದೇ ಸೆಕೆಂಡ್!’

‘ಜನ ಇದ್ದಾರಲ್ಲ.’

‘ಜನ ಇರೋದಕ್ಕೇ ತಾನೇ!’

‘ಜನ ಎದುರಿಗೆ ಇರೋವಾಗ ಮರದಿಂದ ತೆಗೆಯೋ ಹಾಗಿಲ್ಲ. ನೀವೆಲ್ಲ ಹೋಗಿ, ತೆಗೀತೀನಿ.’

‘ನಾವು ಹೋದ್ಮೇಲೆ ಫೋಟೋ ಯಾರ ಜೊತೆ?’

‘ಅದು ನನಗೆ ಗೊತ್ತಿಲ್ಲಪ್ಪ,’ ಅಂದು ಅಣ್ಣ ಕೈ ಕಟ್ಟಿದ.

ಚಿಕ್ಕ ಮಾಲೀಕ ಹಲ್ಲು ಬಿಟ್ಟುಕೊಂಡೇ ಬಗ್ಗಿ ಕೊಕ್ಕೆ ಎಳೆದ. ಬರಲಿಲ್ಲ. ಎರಡೂ ಕೈಯಲ್ಲಿ ಎಳೆದ. ಕಾಲು ಅಗಲಿಸಿ, ಮುಖ ಕೆಂಪಗೆ ಮಾಡಿಕೊಂಡು ಎಳೆದ. ಎಲ್ಲೋ ಪ್ಯಾಂಟಿನ ಹೊಲಿಗೆ ಬಿಟ್ಟ ಸದ್ದು ಮೈಕಿನಲ್ಲಿ ಊರಿಗೆಲ್ಲ ಕೇಳಿಸಿತು. ಜನ ನಕ್ಕರು, ಶಿಳ್ಳೆ ಹಾಕಿದರು, ಕಾದರು. ಅಣ್ಣ ಕೈ ಕಟ್ಟಿ ನಿಂತೇ ಇದ್ದ, ಬಸ್ಸು ಕಾಯುವವನ ಹಾಗೆ. ಹತ್ತು ನಿಮಿಷಕ್ಕೆ ಸಾಲು ಕರಗತೊಡಗಿತು. ‘ಏನ್ ಬೋರಪ್ಪ ಈ ಮನುಷ್ಯ,’ ಅಂತ ಯಾರೋ ಅಂದರು. ಹೋಗುತ್ತಾ ಹೋಗುತ್ತಾ ಬಾಗಿಲ ಪೆಟ್ಟಿಗೆಗೆ ಚೀಟಿ ತುರುಕಿದರು.

ಕೊನೆಯವನು ಹೊರಗೆ ಹೋದ ಮೇಲೆ ಅಣ್ಣ ಬಗ್ಗಿ, ಮಣಿಕಟ್ಟನ್ನು ಒಂದು ಸಲ ತಿರುಗಿಸಿದ. ಕೊಕ್ಕೆ ಬೆಣ್ಣೆಯಿಂದ ಬಂದ ಹಾಗೆ ಎದ್ದು ಬಂದಿತು. ‘ತಂಗಿ, ಏನಾದ್ರೂ ಮರ ಕೊಡು,’ ಅಂದ. ‘ಬೀದೀಲಿ ಮೊನೆ ಹೊರಗಿಟ್ಕೊಂಡು ಹೋಗೋ ಹಾಗಿಲ್ಲ.’

ಅವಳು ಅಭಿಪ್ರಾಯದ ಪೆಟ್ಟಿಗೆಯನ್ನೇ ಬಾಗಿಲಿಂದ ಕಿತ್ತು ತಂದಳು. ಗಟ್ಟಿ ಹಳೆಯ ಮರ. ಅಣ್ಣ ಅದರ ಮುಚ್ಚಳಕ್ಕೆ ಕೊಕ್ಕೆ ನೆಟ್ಟ.

‘ರೀ, ಅದು ಥಿಯೇಟರಿನದು!’ ಅಂದ ಚಿಕ್ಕ ಮಾಲೀಕ, ಹಿಂಬದಿಗೆ ಕೈ ಅಡ್ಡ ಹಿಡಿದು.

‘ಪೆಟ್ಟಿಗೆ ನಾಳೆ ತರ್ತೀನಿ. ಕೊಕ್ಕೆ ಅವನದು. ದಾರ ನನ್ನದು. ಬೇಕಿದ್ರೆ ಬಂದು ಅವನ ಕೈಯಿಂದ ತಗೊಳ್ಳಿ, ತಾಕತ್ತಿದ್ರೆ.’ ಬಾಗಿಲವರೆಗೆ ಹೋಗಿ ತಿರುಗಿದಳು. ‘ನಿಮ್ಮಪ್ಪ ಇದ್ದಿದ್ರೆ ಇವತ್ತು ನಿಮ್ಮ ಪ್ಯಾಂಟ್ ಅಲ್ಲ, ಚರ್ಮ ಹರೀತಿತ್ತು.’

ಹಾಡುಹಗಲಲ್ಲಿ ಅಣ್ಣ ತಂಗಿ ಪೆಟ್ಟಿಗೆ ಹೊತ್ತು ಬೀದಿಯಲ್ಲಿ ನಡೆದರು. ಕೊಕ್ಕೆ ಅದರ ಮೇಲೆ ಕೋಳಿಯ ಹಾಗೆ ಕೂತಿತ್ತು. ಕಟಿಂಗ್ ಅಂಗಡಿಯವನು ಬಾಗಿಲಿಗೆ ಬಂದು ನೋಡಿದ.

ಸೋಮವಾರ ಬೆಳಿಗ್ಗೆ, ಕೊಕ್ಕೆಯನ್ನು ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ನೆಟ್ಟ ಮೇಲೆ, ಕೌಂಟರಮ್ಮ ಪೆಟ್ಟಿಗೆ ಬಿಚ್ಚಿದಳು. ಜನ ತುಂಬಿದ್ದಕ್ಕೆ ಸಿನಿಮಾ ಇನ್ನೂ ಒಂದು ವಾರ ಮುಂದುವರಿದಿತ್ತು, ಬೋರ್ಡಿನಲ್ಲಿ ಚೀಟಿ ಇರಬೇಕು ಅಂತ ಅಪ್ಪಣೆಯಾಗಿತ್ತು. ಕ್ಷಮಿಸಿ ಅಂತ ಒಂದಾದರೂ ಇರಬಹುದು ಅಂತ ಹುಡುಕಿದಳು. ಇರಲಿಲ್ಲ. ‘ಫೋಟೋ ಕೊಡಲಿಲ್ಲ, ಮೋಸ.’ ‘ಮೂರನೇ ಕೊಲೆ ಈ ಸಲವೂ ಸೂಪರ್.’ ‘ಮಾಲೀಕನ ಪ್ಯಾಂಟ್ ಹರಿದದ್ದೇ ಕ್ಲೈಮ್ಯಾಕ್ಸ್.’ ಥೂ ಅಂದು ಒಂದೊಂದನ್ನೇ ಪಕ್ಕಕ್ಕೆ ಎಸೆಯುತ್ತಾ ಬಂದಳು. ತಳದಲ್ಲಿ ಒಂದು ಉಳಿದಿತ್ತು. ಅದರ ಮೂಲೆಗೂ ಚ್ಯೂಯಿಂಗ್ ಗಮ್, ಅದೇ ಹಲ್ಲು.

‘ಅಸಲಿ ಕೊಕ್ಕೆಯವನನ್ನು ನೋಡಿ ತುಂಬಾ ನಿರಾಸೆಯಾಯಿತು. ಯಾರದೋ ಮನೆಯ ದೊಡ್ಡಪ್ಪನ ಹಾಗಿದ್ದಾನೆ. ಒಂಚೂರೂ ಹೆದರಿಕೆಯಾಗಲಿಲ್ಲ.’

ಅವಳು ಅದನ್ನು ಎರಡು ಸಲ ಓದಿದಳು. ಒಳಗೆ ಅಣ್ಣ ಹಲ್ಲುಜ್ಜುತ್ತಾ ಕೆಮ್ಮುತ್ತಿದ್ದ.

ಚಿತ್ರಮಂದಿರಕ್ಕೆ ಹೋದವಳೇ ಬೋರ್ಡಿನ ನಟ್ಟ ನಡುವಿನಿಂದ ಮೂರನೆಯ ಕೊಲೆಯ ಚೀಟಿಯನ್ನು ಕಿತ್ತಳು. ಆ ಜಾಗಕ್ಕೆ ಅಂಟು ದಪ್ಪಗೆ ಬಳಿದಳು. ಚೀಟಿಯ ಮೂಲೆಯ ಗಮ್ಮನ್ನು ಬರಿ ಉಗುರಿನಿಂದ ಕೆರೆದು ತೆಗೆದಳು; ಹೇಸಿಗೆ ಅನ್ನಿಸಲಿಲ್ಲ ಅನ್ನುವ ಹಾಗಿಲ್ಲ, ಅನ್ನಿಸಿತು, ಆದರೂ ತೆಗೆದಳು. ಚೀಟಿಯನ್ನು ಅಂಗೈಯಿಂದ ಒತ್ತಿ ನಾಲ್ಕು ಮೂಲೆಯನ್ನೂ ಉಜ್ಜಿದಳು.

‘ಇದ್ಯಾವುದು ಕೌಂಟರಮ್ಮಾ?’ ಚಿಕ್ಕ ಮಾಲೀಕ ಬೆನ್ನ ಹಿಂದೆ ನಿಂತಿದ್ದ, ಹೊಸ ಪ್ಯಾಂಟಿನಲ್ಲಿ. ‘ಇಂಥದ್ದು ಹಾಕಿದ್ರೆ ಯಾರು ಬರ್ತಾರೆ?’

‘ಪ್ರೇಕ್ಷಕರ ಅಭಿಪ್ರಾಯ,’ ಅಂದಳು ಅವಳು, ಕೈ ತೊಳೆಯಲು ನಲ್ಲಿಯ ಕಡೆ ಹೋಗುತ್ತಾ.